ನಗರ ಯಾರಿಗಾಗಿ? ಈ ಪ್ರಶ್ನೆ ಇಟ್ಟುಕೊಂಡು ಓದಬೇಕಾದ ಐದು ಪುಸ್ತಕಗಳು

ಮೇಲ್ಸೇತುವೆ ಬೇಕಾ, ಸುರಂಗ ರಸ್ತೆ ಬೇಕಾ? ಬೆಂಗಳೂರಿನ ಬಗೆಗಿನ ಚರ್ಚೆ ಬಹುತೇಕ ಇಲ್ಲಿಗೇ ಬಂದು ನಿಲ್ಲುತ್ತೆ. ಇದನ್ನು ತೀರ್ಮಾನ ಮಾಡೋದು ಯಾರು, ಯಾರನ್ನು ಕೇಳಿ ಮಾಡ್ತಾರೆ ಅನ್ನೋದು ಹಿಂದೆ ಸರಿಯುತ್ತೆ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ನಡುವಿನ ಐದು ವರ್ಷ ಇಷ್ಟು ದೊಡ್ಡ ಊರಿಗೆ ಒಬ್ಬ ಚುನಾಯಿತ ಕಾರ್ಪೊರೇಟರ್ ಕೂಡ ಇರಲಿಲ್ಲ. ರಸ್ತೆ ಅಗೆದರೂ, ಮರ ಕಡಿದರೂ ಜನ ಹೋಗಿ ಕೇಳಬೇಕಾದದ್ದು ಅಧಿಕಾರಿಗಳನ್ನೇ.

ಹೀಗಾಗಿ ನಗರ ಯೋಜನೆಯನ್ನು ಎಂಜಿನಿಯರುಗಳಿಗಷ್ಟೇ ಬಿಟ್ಟು ಕೂರುವಂತಿಲ್ಲ. ನಾವೂ ಸ್ವಲ್ಪ ಓದಿಕೊಳ್ಳಬೇಕು. ಎಲ್ಲಿಂದ ಶುರು ಮಾಡೋದು?

ಮೊದಲು ನಮ್ಮ ಊರಿನಿಂದಲೇ. ಜಾನಕಿ ನಾಯರ್ ಅವರ 'ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್' (2005) ಬೆಂಗಳೂರಿನ 20ನೇ ಶತಮಾನದ ಚರಿತ್ರೆ. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ ಇದ್ದ ಎರಡು ಊರುಗಳು 1949ರಲ್ಲಿ ಒಂದೇ ಕಾರ್ಪೊರೇಷನ್ ಅಡಿ ಬಂದವು. ಆ ಒಡಕು ಇವತ್ತಿನ ಭಾಷೆ, ಜಾಗ, ಅಧಿಕಾರದ ಜಗಳಗಳಲ್ಲಿ ಹೇಗೆ ಉಳಿದುಕೊಂಡಿದೆ ಎಂಬುದು ಇಲ್ಲಿ ಅರ್ಥವಾಗುತ್ತೆ.

ಇದರ ಜೊತೆಗೆ ಹರಿಣಿ ನಾಗೇಂದ್ರ ಅವರ 'ನೇಚರ್ ಇನ್ ದಿ ಸಿಟಿ' (2016) ಓದಿ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು ಎಂಬುದು ಹಲವರಿಗೆ ಗೊತ್ತು. ಆದರೆ ಕೆರೆ ಹೋದಾಗ ಹೋದದ್ದು ನೀರು ಮಾತ್ರ ಅಲ್ಲ. ಅದನ್ನು ನಂಬಿದ್ದ ತೋಟಗಾರರು, ದನ ಮೇಯಿಸುವವರು, ಮೀನು ಹಿಡಿಯುವವರೂ ಅಲ್ಲಿಂದ ಕಾಲು ಕೀಳಬೇಕಾಯಿತು. ಕೆರೆ ಒಂದು ಸಮುದಾಯದ ಆಸ್ತಿ ಅನ್ನೋದನ್ನು ಮರೆತು ಬರೀ ಬೇಲಿ ಹಾಕಿ ವಾಕಿಂಗ್ ಟ್ರ್ಯಾಕ್ ಮಾಡಿದರೆ ಅದು ಪುನಶ್ಚೇತನವೇ?

ಮೂರನೆಯದು ಜೇನ್ ಜೇಕಬ್ಸ್ ಅವರ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' (1961). ಜೇಕಬ್ಸ್ ನಗರ ಯೋಜನೆಯಲ್ಲಿ ಪದವಿ ಪಡೆದವರಲ್ಲ, ಪತ್ರಕರ್ತೆ. ಬೀದಿಯನ್ನು ಕಾಯೋದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರು, ಕಿಟಕಿಯಲ್ಲಿ ಕೂತವರು, ಓಡಾಡುವವರು ಅನ್ನೋದು ಅವರ ವಾದ. ಮನೆ, ಅಂಗಡಿ, ಕೆಲಸದ ಜಾಗ ಬೆರೆತಿರಬೇಕು. ಬಾಡಿಗೆ ಕಡಿಮೆ ಇರುವ ಹಳೇ ಕಟ್ಟಡಗಳೂ ಉಳಿಯಬೇಕು. ಚಿಕ್ಕಪೇಟೆಯೋ ಮಲ್ಲೇಶ್ವರವೋ ನೋಡಿದವರಿಗೆ ಇದು ಹೊಸದೇನಲ್ಲ. ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಊರು ಚೆಂದ ಆಗುತ್ತೆ ಅನ್ನುವವರು ಮಾತ್ರ ಇದನ್ನು ಓದಲೇಬೇಕು.

ಜೇಕಬ್ಸ್ ಎದುರು ಹಾಕಿಕೊಂಡವರಲ್ಲಿ ರಾಬರ್ಟ್ ಮೋಸೆಸ್ ಪ್ರಮುಖ. ಅವರ ಕಥೆಯೇ ರಾಬರ್ಟ್ ಕ್ಯಾರೊ ಬರೆದ 'ದಿ ಪವರ್ ಬ್ರೋಕರ್' (1974). ಸಾವಿರಕ್ಕೂ ಹೆಚ್ಚು ಪುಟ, ಆದರೆ ಬಿಡದೆ ಓದಿಸಿಕೊಳ್ಳುತ್ತೆ. ಮೋಸೆಸ್ ಒಂದು ಚುನಾವಣೆಯನ್ನೂ ಗೆದ್ದವರಲ್ಲ. ಆದರೂ ಪ್ರಾಧಿಕಾರಗಳನ್ನು ಕೈಯಲ್ಲಿಟ್ಟುಕೊಂಡು, ಸೇತುವೆಗಳ ಟೋಲ್ ಹಣದ ಬಲದಿಂದ, ನ್ಯೂಯಾರ್ಕ್‌ನ ರೂಪವನ್ನು ದಶಕಗಳ ಕಾಲ ನಿರ್ಧರಿಸಿದರು. ಒಂದು ಹೆದ್ದಾರಿಯ ಬರೀ ಒಂದು ಮೈಲಿಗಾಗಿ ಬ್ರಾಂಕ್ಸ್‌ನ ಸಾವಿರಾರು ಜನ ಮನೆ ಕಳೆದುಕೊಂಡರು. ಯಾರಿಗೂ ಉತ್ತರ ಹೇಳಬೇಕಿಲ್ಲದ ಪ್ರಾಧಿಕಾರ ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೊನೆಯದು ಮುಂಬೈ ಬಗ್ಗೆ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ ಬರೆದ 'ವೈ ಲಾಯ್ಟರ್?' (2011). ಗಂಡಸರು ಟೀ ಅಂಗಡಿ ಮುಂದೆ ಸುಮ್ಮನೆ ಗಂಟೆಗಟ್ಟಲೆ ನಿಲ್ಲಬಹುದು. ಹೆಂಗಸರು ನಿಂತರೆ 'ಯಾಕೆ ನಿಂತಿದ್ದೀಯ?' ಎಂಬ ಪ್ರಶ್ನೆ ಬರುತ್ತೆ. ಸುರಕ್ಷತೆ ಹೆಸರಲ್ಲಿ ಮನೆಯೊಳಗೆ ಕೂರಿಸೋದಲ್ಲ, ಕಾರಣವಿಲ್ಲದೆ ಬೀದಿಯಲ್ಲಿರುವ ಹಕ್ಕು ಬೇಕು ಅಂತಾರೆ ಲೇಖಕಿಯರು. ಆ ಹಕ್ಕು ಬಡ ಗಂಡಸರನ್ನು ಓಡಿಸಿ ಪಡೆಯುವಂಥದ್ದೂ ಅಲ್ಲ, ಎಲ್ಲರಿಗೂ ಸಿಗಬೇಕು. ನಿಮ್ಮ ಏರಿಯಾದ ಪಾರ್ಕಿನಲ್ಲಿ ಸಂಜೆ ಏಳರ ಮೇಲೆ ಎಷ್ಟು ಹೆಂಗಸರು ಕೂತಿರ್ತಾರೆ? ಒಮ್ಮೆ ಎಣಿಸಿ ನೋಡಿ.

ಓದಿದರೆ ಏನು ಬದಲಾಗುತ್ತೆ ಅಂತೀರಾ? ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬರುತ್ತೆ ಎಂದಾಗ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೇಡ ಅನ್ನೋದು ನಮಗೆ ಗೊತ್ತಿದೆ. ಏನು ಬೇಕು, ಯಾಕೆ ಬೇಕು ಅಂತ ಹೇಳೋದಕ್ಕೆ ತಯಾರಿ ಬೇಕು. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಆ ತಯಾರಿ ಉಪಯೋಗಕ್ಕೆ ಬರಬೇಕಾದ್ದು ಅಲ್ಲಿ.

ಐದೂ ಇಂಗ್ಲಿಷ್ ಪುಸ್ತಕಗಳು ಅನ್ನೋದು ನಿಜಕ್ಕೂ ತೊಡಕು. ಅದಕ್ಕೇ ಓದಿದವರ ಮೇಲೆ ಒಂದು ಜವಾಬ್ದಾರಿಯೂ ಇದೆ: ಓದಿದ್ದನ್ನು ನಿಮ್ಮ ಬೀದಿಯ ನಾಲ್ಕು ಜನಕ್ಕೆ ಕನ್ನಡದಲ್ಲಿ ಹೇಳಿ.