ನಿಮಗಿದು ಗೊತ್ತೇ? ತೆರೆದ ಕೂಡಲೇ ಮುಚ್ಚಿಕೊಳ್ಳುವ ವಿಪಿಎನ್

ಭದ್ರಾವತಿಯ ಕಾಗದನಗರಕ್ಕೆ ಹೆಸರು ತಂದ ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ, ಯಂತ್ರಗಳು ನಿಂತದ್ದು 2015ರಲ್ಲಿ. ಈಗ ಅಲ್ಲಿ ಮನೆಯಲ್ಲೇ ಕೂತು ಬೆಂಗಳೂರಿನ ಆಫೀಸಿಗೆ ದುಡಿಯುವವರ ಗೇಟ್‌ಪಾಸ್ ಎಂದರೆ ವಿಪಿಎನ್. ಲಾಗಿನ್ ಆಗುವ ಹೊತ್ತಿಗೇ ಅದು ಕ್ರ್ಯಾಶ್ ಆದರೆ?

* ಮೊದಲ ಬೈಗುಳ ಇಂಟರ್‌ನೆಟ್ಟಿಗೆ. ಆದರೆ ಐಕಾನ್ ಒತ್ತಿದ ಮರುಕ್ಷಣವೇ ಆ್ಯಪ್ ಮಾಯವಾಗುತ್ತಿದ್ದರೆ ತಪ್ಪು ಹೆಚ್ಚಾಗಿ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ಸರ್ವರ್‌ವರೆಗೆ ಮಾತು ಹೋಗಿಯೇ ಇರುವುದಿಲ್ಲ.

* ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಅದೇ ಪಾಡು ಏಕೆ? ಪ್ರೋಗ್ರಾಂ ಹೋದರೂ ಅದರ ಸೆಟ್ಟಿಂಗ್ ಫೈಲುಗಳು ‘ಆ್ಯಪ್‌ಡೇಟಾ’ ಎಂಬ ಅಡಗಿದ ಫೋಲ್ಡರಿನಲ್ಲಿ ಉಳಿದುಬಿಡುತ್ತವೆ. ಕೆಟ್ಟ ಫೈಲನ್ನೇ ಹೊಸ ಪ್ರೋಗ್ರಾಂ ಮತ್ತೆ ಓದುತ್ತದೆ. ಅದರೊಳಗೆ ವಿಪಿಎನ್‌ಗೆ ಸೇರಿದ ಫೋಲ್ಡರಿನ ಹೆಸರನ್ನಷ್ಟೇ ಬದಲಿಸಿ ನೋಡಿ. ಅಳಿಸಬೇಡಿ, ಆಫೀಸಿನವರು ಕೊಟ್ಟ ಪ್ರೊಫೈಲ್ ಅದರಲ್ಲೇ ಇರಬಹುದು.

* ವಿಂಡೋಸ್ ಸತ್ಯ ಹೇಳುತ್ತದೆ, ಕೇಳುವವರು ಕಡಿಮೆ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್ ಅಡಿಯ ‘ಅಪ್ಲಿಕೇಶನ್’ ತೆರೆಯಿರಿ. ಆ್ಯಪ್ ಬಿದ್ದ ಹೊತ್ತಿನಲ್ಲಿ ಕೆಂಪು ಗುರುತಿನ, 1000 ಸಂಖ್ಯೆಯ ಎರರ್ ಇದ್ದರೆ ಅದನ್ನು ಓದಿ. ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲಿನಲ್ಲಿ ಯಾವ ಫೈಲು ಬಿದ್ದಿತು ಎಂದಿರುತ್ತದೆ. ಅದು ಆಂಟಿವೈರಸ್‌ನದೋ ಡಿಸ್‌ಪ್ಲೇ ಡ್ರೈವರ್‌ನದೋ ಆಗಿದ್ದರೆ ವಿಪಿಎನ್ ಕಂಪನಿಯನ್ನು ದೂರಿ ಫಲವಿಲ್ಲ. ಅಲ್ಲೇ ಇರುವ ‘ಎಕ್ಸೆಪ್ಶನ್ ಕೋಡ್’ 135ರಲ್ಲಿ ಮುಗಿದರೆ ಬೇಕಾದ ಡಿಎಲ್‌ಎಲ್ ಫೈಲೇ ಕಾಣೆ. ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ಪ್ಯಾಕೇಜ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ‘7ಬಿ’ಯಲ್ಲಿ ಮುಗಿದರೆ 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಫೈಲು ಗಂಟುಬಿದ್ದಿರಬಹುದು. ಐಟಿ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿ ‘ಓಪನ್ ಆಗ್ತಿಲ್ಲ ಸರ್’ ಎನ್ನುವ ಬದಲು ಈ ಎರರ್‌ನ ಫೋಟೋ ಕಳಿಸಿ.

* ವಿಂಡೋಸ್ ಖಾತೆಗೆ ಕನ್ನಡದಲ್ಲೇ ಹೆಸರಿಟ್ಟಿದ್ದೀರಾ? ಅಭಿಮಾನ ಸರಿಯೇ. ಆದರೆ ಯೂಸರ್ ಫೋಲ್ಡರಿನ ಹೆಸರಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರ ಕಂಡರೆ ಕೆಲವು ಹಳೆಯ ಪ್ರೋಗ್ರಾಮುಗಳು ಮುಗ್ಗರಿಸುತ್ತವೆ. ಆಮೇಲೆ ಖಾತೆಯ ಹೆಸರು ಬದಲಿಸಿದರೂ ಫೋಲ್ಡರಿನ ಹೆಸರು ಬದಲಾಗದು. ಪರೀಕ್ಷೆಗೆ ಇಂಗ್ಲಿಷ್ ಹೆಸರಿನ ಇನ್ನೊಂದು ಖಾತೆ ತೆರೆದು ನೋಡಬೇಕು.

* ಎರಡು ವಿಪಿಎನ್ ಒಂದೇ ಲ್ಯಾಪ್‌ಟಾಪಿನಲ್ಲಿ ಜಗಳವಾಡುವುದುಂಟು. ಹಳೆಯ ಕಂಪನಿಯದನ್ನು ತೆಗೆದರೂ ಅದರ ವರ್ಚುವಲ್ ಅಡಾಪ್ಟರ್ ಡಿವೈಸ್ ಮ್ಯಾನೇಜರ್‌ನಲ್ಲಿ ಉಳಿದಿರಬಹುದು.

* ಅಪ್‌ಡೇಟೇ ಅಪರಾಧಿಯಾದ ಉದಾಹರಣೆ ಬೇಕೇ? 2022ರ ಜನವರಿಯಲ್ಲಿ ವಿಂಡೋಸ್ ಅಪ್‌ಡೇಟ್ ಒಂದು ಎಲ್2ಟಿಪಿ ಎಂಬ ಬಗೆಯ ವಿಪಿಎನ್‌ಗಳನ್ನು ಕೆಡಿಸಿತು. ತಿಂಗಳ ಸರದಿಗೂ ಕಾಯದೆ ಮೈಕ್ರೋಸಾಫ್ಟ್ ತುರ್ತು ಪರಿಹಾರ ಬಿಡಬೇಕಾಯಿತು.

* 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದೇ ಅಪ್‌ಡೇಟ್ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳದೆ ಕೂತವು. ಬೆಂಗಳೂರು ವಿಮಾನ ನಿಲ್ದಾಣಕ್ಕೂ ಬಿಸಿ ತಟ್ಟಿತು. ದೇಶದ ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಾಗದದ ಊರಿನವರು ಮೀಸೆಯಡಿ ನಕ್ಕಿರಬೇಕು!

* 2020ರ ಮಾರ್ಚ್‌ಗೆ ಮುಂಚೆ ಕಾಲ್ ಸೆಂಟರ್ ನೌಕರರು ಮನೆಯಿಂದ ಕೆಲಸ ಮಾಡಲು ದೂರಸಂಪರ್ಕ ಇಲಾಖೆಯ ಬಿಗಿ ನಿಯಮಗಳಿದ್ದವು, ವಿಪಿಎನ್ ಕೂಡ ಪರವಾನಗಿ ಪಡೆದ ಕಂಪನಿಯದೇ ಆಗಿರಬೇಕಿತ್ತು. ಕೊರೋನಾ ಬಂದು ಆ ಗಂಟು ಸಡಿಲಿಸಿತು.

* ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದಂತೆ ವಿಪಿಎನ್ ಮಾರುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಕೆಲವು ವಿದೇಶಿ ಕಂಪನಿಗಳು ಭಾರತದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ಆಫೀಸುಗಳ ಸ್ವಂತ ವಿಪಿಎನ್‌ಗೆ ಈ ನಿಯಮ ತಾಗದು.

* ವಿಪಿಎನ್ ಬಿದ್ದಮೇಲೆ ಮನೆಯ ನೆಟ್ಟೂ ಸತ್ತಂತಿದ್ದರೆ ಲೈನ್‌ಮ್ಯಾನ್‌ಗೆ ಫೋನ್ ಮಾಡುವ ಮುನ್ನ ಅದೇ ವೈಫೈಗೆ ಮೊಬೈಲ್ ಜೋಡಿಸಿ. ಮೊಬೈಲಿನಲ್ಲಿ ನೆಟ್ ಬಂದರೆ ಅದು ‘ಕಿಲ್ ಸ್ವಿಚ್’ ಕೆಲಸವಿರಬಹುದು. ಗುಟ್ಟು ಸೋರದಿರಲೆಂದು ವಿಪಿಎನ್ ಹಾಕಿದ ಫೈರ್‌ವಾಲ್ ತಡೆ, ಅದು ಸತ್ತರೂ ಉಳಿದಿರುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿ. ಆಗಲೂ ನೆಟ್ ಬರದಿದ್ದರೆ ವಿಂಡೋಸ್‌ನ ಫೈರ್‌ವಾಲ್ ಸೆಟ್ಟಿಂಗನ್ನು ಡಿಫಾಲ್ಟ್‌ಗೆ ತನ್ನಿ, ಆಫೀಸಿನ ಯಂತ್ರವಾದರೆ ಅಲ್ಲಿಯವರನ್ನು ಕೇಳಿಕೊಂಡು.