ಐವತ್ತು ಲಕ್ಷದ ತನಕ ಸರಿ, ಆಮೇಲೆ?

ಶಂಶಾಬಾದ್ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಅದರ ಸರಕು ವಿಭಾಗದಲ್ಲಿ ಔಷಧಗಳಿಗೆಂದೇ ತಂಪು ಕಾಯ್ದಿಡುವ ವಲಯವಿದೆ. ಹೈದರಾಬಾದಿನ ಕಾರ್ಖಾನೆಗಳ ಮಾತ್ರೆ, ಲಸಿಕೆಗಳು ಅಲ್ಲಿಂದ ಹೊರದೇಶಗಳಿಗೆ ಹೋಗುತ್ತವೆ. ಆ ಮಾತ್ರೆಗಳಲ್ಲಿ ಹೆಚ್ಚಿನವು ಬೇರೆ ದೇಶದವರು ಕಂಡುಹಿಡಿದು, ಪೇಟೆಂಟ್ ಮುಗಿದ ಮೇಲೆ ಇಲ್ಲಿ ಅಗ್ಗವಾಗಿ ತಯಾರಾದವು.

ಈ ಕೈಚಳಕ ಸಣ್ಣದೇನಲ್ಲ. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಬಂದ ಸರ್ಕಾರಿ ಐಡಿಪಿಎಲ್ ಕಾರ್ಖಾನೆ ಈ ನಗರಕ್ಕೆ ಔಷಧ ರಸಾಯನದ ಪಾಠ ಹೇಳಿಕೊಟ್ಟಿತು. ಅಲ್ಲಿ ದುಡಿದ ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. 2001ರಲ್ಲಿ ಆ ಕಂಪನಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಫ್ಲುಒಕ್ಸೆಟಿನ್, ಅಂದರೆ ಖಿನ್ನತೆಯ ಔಷಧ ಪ್ರೊಜಾಕ್‌ನ ಜೆನೆರಿಕ್ ರೂಪ, ಅದಕ್ಕೆ ದೊಡ್ಡ ಹೆಸರು ತಂದಿತು. ಖಿನ್ನತೆಯ ಮಾತ್ರೆಯನ್ನು ನಾವು ಮಾಡಬಲ್ಲೆವು ಎಂಬುದು ಅಂದೇ ಖಚಿತವಾಯಿತು. ಹೊಸದನ್ನು ಹುಟ್ಟಿಸಬಲ್ಲೆವೇ?

ಅದಕ್ಕೆ ಬೇಕಾದದ್ದು ಸೋಲನ್ನು ತಾಳಿಕೊಳ್ಳುವ ಹಣ. ಬ್ಯಾಂಕು ಅಂಥ ಸಾಲ ಕೊಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿದ್ದ ರೋಲಂಡ್ ಟಿಬೆಟ್ಸ್ 1970ರ ದಶಕದಲ್ಲಿ ಸಣ್ಣ ಕಂಪನಿಗಳಿಗೆ ಸರ್ಕಾರವೇ ಸಂಶೋಧನಾ ಅನುದಾನ ಕೊಡುವ ಪ್ರಯೋಗ ನಡೆಸಿದರು. 1982ರಲ್ಲಿ ಅದು ಕಾನೂನಾಯಿತು. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಯೂ ಆ ನಿಧಿಯಿಂದ ಸಣ್ಣ ಕಂಪನಿಗಳಿಗೆ ನೆರವಾಗಿದೆ. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ, ಎಂ.ಕೆ. ಭಾನ್ ಕಾರ್ಯದರ್ಶಿಯಾಗಿದ್ದಾಗ, 2005ರಲ್ಲಿ ಎಸ್‌ಬಿಐಆರ್‌ಐ ಎಂಬ ಅಂಥದ್ದೇ ಯೋಜನೆ ತಂದಿತು. 2012ರಲ್ಲಿ ಅದೇ ಇಲಾಖೆಯಡಿ ಬಿರಾಕ್ ಎಂಬ ಸಂಸ್ಥೆ ಹುಟ್ಟಿತು. ಅದರ 'ಬಿಗ್' ಅನುದಾನ 18 ತಿಂಗಳಿಗೆ 50 ಲಕ್ಷ ರೂಪಾಯಿ ತನಕ ಕೊಡುತ್ತದೆ. ಹೈದರಾಬಾದಿನಲ್ಲಿ ಐಕೆಪಿ ನಾಲೆಜ್ ಪಾರ್ಕ್, ಬೆಂಗಳೂರಿನಲ್ಲಿ ಸಿ-ಕ್ಯಾಂಪ್ ಇದನ್ನು ಹಂಚುವ ಪಾಲುದಾರರು.

ಆಲೋಚನೆಯೊಂದು ಪ್ರಯೋಗಾಲಯದಲ್ಲಿ ನಿಲ್ಲುತ್ತದೆಯೇ ಎಂದು ನೋಡಲು ಆ ಹಣ ಸಾಕು. ಮನೋರೋಗದ ಔಷಧಕ್ಕೆ ಅಸಲಿ ಕಷ್ಟ ಅದರ ನಂತರದ್ದು. ಖಿನ್ನತೆಯನ್ನು ರಕ್ತಪರೀಕ್ಷೆಯಲ್ಲಿ ಅಳೆಯಲಾಗದು, ಇಲಿಯ ದುಃಖ ಮನುಷ್ಯನ ದುಃಖವಲ್ಲ, ಬರೀ ಸಕ್ಕರೆ ಗುಳಿಗೆ ನುಂಗಿದವರೂ ಎಷ್ಟೋ ಸಲ ಚೇತರಿಸಿಕೊಳ್ಳುತ್ತಾರೆ. ಗ್ಲಾಕ್ಸೊ, ಆಸ್ಟ್ರಾಜೆನೆಕಾದಂಥ ದೈತ್ಯ ಕಂಪನಿಗಳೇ 2010ರ ಹೊತ್ತಿಗೆ ಈ ಸಂಶೋಧನೆಯಿಂದ ಹಿಂದೆ ಸರಿದವು.

ಹೈದರಾಬಾದಿನ ಸುವೆನ್ ಲೈಫ್ ಸೈನ್ಸಸ್ ಹಿಂದೆ ಸರಿಯಲಿಲ್ಲ. ಅಮೆರಿಕದಿಂದ ಮರಳಿದ ವೆಂಕಟೇಶ್ವರಲು ಜಾಸ್ತಿ 1989ರಲ್ಲಿ ಕಟ್ಟಿದ ಕಂಪನಿ ಅದು. ವಿದೇಶಿ ಕಂಪನಿಗಳಿಗೆ ರಾಸಾಯನಿಕ ತಯಾರಿಸಿಕೊಟ್ಟು ಗಳಿಸಿದ ಹಣವನ್ನು ಮಿದುಳಿನ ಔಷಧಗಳಿಗೆ ಸುರಿಯಿತು. ಅದರ ಮಸುಪಿರ್ಡಿನ್ ಔಷಧವನ್ನು ಅಮೆರಿಕದಲ್ಲಿ 564 ಅಲ್ಝೈಮರ್ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2019ರ ನವೆಂಬರಿನಲ್ಲಿ ಫಲಿತಾಂಶ ಬಂತು: ನೆನಪಿನ ಶಕ್ತಿಯಲ್ಲಿ ನಿರೀಕ್ಷಿಸಿದ ಸುಧಾರಣೆ ಇಲ್ಲ. ಸಣ್ಣ ಕಂಪನಿಯೊಂದು ಅಲ್ಲಿಗೇ ಬಾಗಿಲು ಹಾಕಬಹುದಿತ್ತು. ಇವರು ಅದೇ ಅಂಕಿಅಂಶಗಳನ್ನು ಮತ್ತೆ ಜಾಲಾಡಿದರು. ಅಲ್ಝೈಮರ್ ರೋಗಿಗಳನ್ನೂ ನೋಡಿಕೊಳ್ಳುವ ಮನೆಯವರನ್ನೂ ಹಣ್ಣು ಮಾಡುವ ಉದ್ರೇಕ, ಸಿಡಿಮಿಡಿಯ ಮೇಲೆ ಪರಿಣಾಮದ ಸುಳಿವು ಕಂಡಿತು. ಅದೇ ಔಷಧ ಆ ಲಕ್ಷಣಕ್ಕಾಗಿ ಮೂರನೇ ಹಂತದ ಪ್ರಯೋಗಕ್ಕೆ ಹೋಯಿತು. ಖಿನ್ನತೆಗೆಂದು ರೂಪಿಸಿದ ರೊಪಾನಿಕಾಂಟ್ ಎರಡನೇ ಹಂತ ತಲುಪಿತು.

ಬೆನ್ನಿಗೆ ಇನ್ನೊಂದು ವ್ಯಾಪಾರ ಇದ್ದವರಿಗೆ ಇದು ಸಾಧ್ಯ. ಬರೀ ಅನುದಾನ ನಂಬಿದ ನಾಲ್ಕು ಜನರ ತಂಡಕ್ಕೆ ಸಾಧ್ಯವಿಲ್ಲ.

ಅಗತ್ಯ ಎಷ್ಟಿದೆ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ತೋರಿಸಿದೆ. ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿತ್ತು. ಖಿನ್ನತೆಯಿದ್ದವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆ ಸಿಕ್ಕವರಲ್ಲೂ ಈಗಿನ ಔಷಧ ಎಲ್ಲರಿಗೂ ನಾಟುವುದಿಲ್ಲ.

2025ರ ಜುಲೈನಲ್ಲಿ ಕೇಂದ್ರ ಸಂಪುಟ ಸಂಶೋಧನೆ ಮತ್ತು ನಾವೀನ್ಯಕ್ಕೆ 1 ಲಕ್ಷ ಕೋಟಿ ರೂಪಾಯಿಯ ಯೋಜನೆಯೊಂದನ್ನು ಒಪ್ಪಿದೆ. ಅದರಲ್ಲಿ ಮನೋರೋಗದ ಔಷಧಗಳಿಗೆ ಒಂದು ಪಾಲನ್ನು ಮೀಸಲಿಡಬೇಕು. ರೋಗಿಗಳ ಮೇಲಿನ ಎರಡನೇ ಹಂತದ ಪ್ರಯೋಗ ಮುಗಿಯುವ ತನಕ ಸಣ್ಣ ಕಂಪನಿಗಳ ಕೈ ಬಿಡಬಾರದು.