ಬೆಂಕಿಯಲ್ಲಿ ಹುಟ್ಟಿದ ವೇಗವರ್ಧಕ

ಸಂಜೆ ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ತೆವಳುವ ಪ್ರತಿ ಹೊಸ ಪೆಟ್ರೋಲ್ ಕಾರಿನಲ್ಲೂ, ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಜೇನುಗೂಡಿನಂತೆ ಕಿಂಡಿಗಳಿರುವ ಒಂದು ಪಿಂಗಾಣಿ ದಿಮ್ಮಿ ಇರುತ್ತದೆ. ಕಿಂಡಿಗಳ ಒಳಗೋಡೆಗೆ ಪಲ್ಲೇಡಿಯಂ, ರೋಡಿಯಂಗಳಂಥ ದುಬಾರಿ ಲೋಹಗಳ ಲೇಪ. ಹೊಗೆ ಅದನ್ನು ಸವರಿಕೊಂಡು ಹೋಗುವಾಗಲೇ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಉರಿದು ಡೈಆಕ್ಸೈಡ್ ಆಗುತ್ತದೆ. ಲೇಪ ಮಾತ್ರ ಖರ್ಚಾಗುವುದಿಲ್ಲ.

ಭಾರತದಲ್ಲಿ ಈ ವೇಗವರ್ಧಕ ದಿಮ್ಮಿ 1995ರಲ್ಲಿ ಮೊದಲು ಕಡ್ಡಾಯವಾದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಪೆಟ್ರೋಲಿನ ಸೀಸ ಲೇಪವನ್ನೇ ಕೆಡಿಸುತ್ತಿದ್ದರಿಂದ 2000ದ ಹೊತ್ತಿಗೆ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲ್ ಬಂತು. ಆದರೂ ಒಂದು ತೊಡಕು ಉಳಿಯಿತು. ಕ್ರಿಯೆ ನಡೆಯುವುದು ಲೋಹದ ಕಣದ ಮೈಮೇಲಷ್ಟೆ. ಒಳಗಿನ ಪರಮಾಣುಗಳಿಗೆ ಕೆಲಸವಿಲ್ಲ. ಕಾವಿಗೆ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾದರೆ ಮೈ ಇನ್ನಷ್ಟು ಕುಗ್ಗುತ್ತದೆ.

ಇದಕ್ಕೊಂದು ದಾರಿ ತೆರೆದದ್ದು ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1988ರಲ್ಲಿ ಅಲ್ಲಿನ ಕೆ. ಸಿ. ಪಾಟೀಲ ಮತ್ತು ಜೆ. ಜೆ. ಕಿಂಗ್ಸ್‌ಲಿ ಒಂದು ವಿಧಾನ ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟಿಗೆ ಹೊಲಕ್ಕೆ ಹಾಕುವ ಯೂರಿಯಾ ಬೆರೆಸಿ 500 ಡಿಗ್ರಿ ಕುಲುಮೆಗೆ ಇಟ್ಟರೆ ಅದು ನೊರೆಯುಕ್ಕಿ, ಭಗ್ಗನೆ ಹೊತ್ತಿ, ಕೆಲವೇ ನಿಮಿಷಗಳಲ್ಲಿ ಹಗುರವಾದ ಬಿಳಿ ಅಲ್ಯೂಮಿನಾ ಆಗುತ್ತಿತ್ತು.

ಅದೇ ಸಂಸ್ಥೆಯ ಎಂ. ಎಸ್. ಹೆಗಡೆಯವರ ತಂಡ ಪಾಟೀಲರ ಈ ಬೆಂಕಿಯನ್ನು ಸೀರಿಯಂ ಆಕ್ಸೈಡಿಗೆ ಹಚ್ಚಿತು. ಇಂಧನ ಮಾತ್ರ ಬೇರೆ. ಜೊತೆಗೆ ಬೆರೆಸಿದ ಪಲ್ಲೇಡಿಯಂ ಕಣವಾಗಿ ಕೂಡಿಕೊಳ್ಳಲಿಲ್ಲ, ಸೀರಿಯಂ ಕೂರಬೇಕಾದ ಜಾಗದಲ್ಲೇ ಒಂಟಿ ಅಯಾನಾಗಿ ಕೂತಿತು. ನೂರು ಲೋಹ ಅಯಾನುಗಳಲ್ಲಿ ಎರಡು ಪಲ್ಲೇಡಿಯಂ ಇದ್ದರೂ ಸಾಕಾಯಿತು. ಪಲ್ಲೇಡಿಯಂನ ವಿದ್ಯುದಂಶ ಸೀರಿಯಂನದಕ್ಕಿಂತ ಕಡಿಮೆ. ಆ ಕೊರತೆ ಸರಿದೂಗಲು ಪಕ್ಕದ ಆಕ್ಸಿಜನ್‌ ಜಾಗ ಖಾಲಿ ಬೀಳುತ್ತದೆ. ಮಾನಾಕ್ಸೈಡ್ ಪಲ್ಲೇಡಿಯಂಗೆ ಅಂಟಿ, ನೆರೆಯ ಆಕ್ಸಿಜನ್ನನ್ನು ಕಿತ್ತುಕೊಂಡು ಹೊರಡುತ್ತದೆ. ಗಾಳಿಯ ಆಕ್ಸಿಜನ್ ಖಾಲಿ ಜಾಗಕ್ಕೆ ಬಂದು ಸೀಳಿ, ಆ ಸಾಲ ತೀರಿಸುತ್ತದೆ. ಆಕ್ಸಿಜನ್ನಿನ ಬಿಗಿ ಜೋಡಿಯನ್ನು ಬರೀ ಕಾವಿನಿಂದ ಮುರಿಯುವ ಕಷ್ಟ ಇಲ್ಲಿ ತಪ್ಪುತ್ತದೆ. ಅದರಿಂದಲೇ ಕ್ರಿಯೆ ವೇಗವಾಗುತ್ತದೆ.

ಕಾರಿನಾಚೆಗೂ ಇದರ ಉಪಯೋಗ ಕಂಡಿತು. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಹೊರಬರುತ್ತವೆ. ಹೆಗಡೆ ಮತ್ತು ಎ. ಕೆ. ಶುಕ್ಲಾ ಅವರ ತಂಡ ಸೀರಿಯಂ ಆಕ್ಸೈಡಿನ ಜೊತೆ ಪ್ಲಾಟಿನಂ ಇಟ್ಟು, ಎರಡೂ ಅನಿಲಗಳನ್ನು ಮರಳಿ ನೀರಾಗಿಸಿ ತೋರಿಸಿತು. ಮನೆಯ ಯುಪಿಎಸ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಸುರಿಯುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.